ಬೀಗದಕೈ ಯಾರ ಬಳಿ ಇದೆ? ಜಪಾನಿನ ಹಳ್ಳಿಗುಡಿಗಳ ಪ್ರಶ್ನೆ

ಜಪಾನಿನ ಹಳ್ಳಿಗಾಡಿನ ಬೌದ್ಧ ಗುಡಿ ಹೆಚ್ಚಾಗಿ ಗದ್ದೆ ಮುಗಿದು ಗುಡ್ಡ ಶುರುವಾಗುವ ಅಂಚಿನಲ್ಲಿರುತ್ತದೆ. ದಾರಿಯ ಪಕ್ಕದಲ್ಲಿ ಕೊರಳಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡ ಆರು ಜಿಜೋ ಬೋಧಿಸತ್ತ್ವ ವಿಗ್ರಹಗಳು, ಮುಂದೆ ಮರದ ಹೆಬ್ಬಾಗಿಲು, ಒಳಗೆ ಗುಡಿಸಿದ ಅಂಗಳ, ಒಂದು ಮೂಲೆಯಲ್ಲಿ ಗಂಟೆಯ ಮಂಟಪ. ಎದುರಿಗೆ ಮುಖ್ಯ ಮಂದಿರ, ಅದಕ್ಕೆ ಅಂಟಿಕೊಂಡಂತೆ ಭಿಕ್ಷುವಿನ ಕುಟುಂಬ ವಾಸಿಸುವ ಮನೆ, ಹಿಂದಿನ ಇಳಿಜಾರಿನಲ್ಲಿ ಊರವರ ಗೋರಿಕಲ್ಲುಗಳು. ದೇಶದಲ್ಲಿ ಸುಮಾರು 77,000 ಬೌದ್ಧ ಗುಡಿಗಳಿವೆ. ಕ್ಯೋತೊ, ನಾರಾಗಳಲ್ಲಿ ಟಿಕೆಟ್ಟು ಕೊಂಡು ಸಾಲಿನಲ್ಲಿ ನಿಂತು ನೋಡುವ ಗುಡಿಗಳು ಇವುಗಳಲ್ಲಿ ಬೆರಳೆಣಿಕೆಯಷ್ಟು. ಉಳಿದವು ಊರಿನವರಿಗಲ್ಲದೆ ಬೇರೆಯವರಿಗೆ ಹೆಸರೂ ಗೊತ್ತಿಲ್ಲದಂಥವು.

ಹೊರಗಿನಿಂದ ಬಂದವರು ಇಂಥ ಗುಡಿಗಳಲ್ಲಿ ಮೆಚ್ಚುವುದು ಮೌನವನ್ನು. ಆ ಮೌನ ಬೆಟ್ಟಕ್ಕೂ ಮರಗಳಿಗೂ ಸಹಜವಾದದ್ದು, ಬೌದ್ಧ ಧರ್ಮದ ಸ್ವಭಾವಕ್ಕೇ ಸೇರಿದ್ದು ಎಂದು ಅವರು ಬಗೆಯುತ್ತಾರೆ. ಈ ತಿಳಿವಳಿಕೆ ಅರ್ಧ ಮಾತ್ರ ಸರಿ. ಊರು ತುಂಬಿದ್ದ ಕಾಲದಲ್ಲಿ ಇದೇ ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು, ಬೇಸಗೆಯ ಓಬೊನ್ ಹಬ್ಬದಲ್ಲಿ ಊರಿಗೆ ಊರೇ ಸುತ್ತು ಕಟ್ಟಿ ಕುಣಿಯುತ್ತಿತ್ತು. ಇವತ್ತಿನ ಮೌನಕ್ಕೆ ಒಂದು ಕಾರಣ ಜನ ಊರು ಬಿಟ್ಟದ್ದು. ಇನ್ನೊಂದು, ಉಳಿದ ಕೆಲವರು ದಿನವೂ ಎಲೆ ಗುಡಿಸಿ, ಪಾಚಿ ಕೆರೆದು, ಹಿಮ ಎತ್ತಿ, ಸೋರುವ ಮಾಡನ್ನು ಸರಿಪಡಿಸಿ ಅಂಗಳವನ್ನು ಅಂಗಳವಾಗಿ ಉಳಿಸಿಕೊಂಡದ್ದು. ಆರೈಕೆ ನಿಂತರೆ ಬಿದಿರು ಕೆಲವೇ ವರ್ಷಗಳಲ್ಲಿ ಗೋರಿಗಳ ನಡುವೆ ನುಗ್ಗುತ್ತದೆ. ಹಳ್ಳಿಗುಡಿಯನ್ನು ಉಳಿಸಬೇಕೆನ್ನುವವರು ಮೊದಲು ನೋಡಬೇಕಾದದ್ದು ವಿಗ್ರಹವನ್ನಲ್ಲ, ಕಟ್ಟಡವನ್ನೂ ಅಲ್ಲ. ಬೀಗದಕೈ ಯಾರ ಬಳಿ ಇದೆ, ಅವರ ನಂತರ ಅದು ಯಾರ ಕೈಗೆ ಹೋಗುತ್ತದೆ ಎಂಬುದನ್ನು.

ಈ ಗುಡಿಗಳು ಹಳ್ಳಿಗೆ ಬಂದ ಬಗೆಯಲ್ಲೇ ಇದಕ್ಕೆ ಆಧಾರವಿದೆ. ಬೌದ್ಧ ಧರ್ಮ 6ನೆಯ ಶತಮಾನದಲ್ಲಿ ಜಪಾನನ್ನು ಮುಟ್ಟಿದಾಗ ಅದು ಅರಮನೆಯ, ಪ್ರಬಲ ಮನೆತನಗಳ ಧರ್ಮ. ಸಾಮಾನ್ಯ ರೈತನ ಮನೆಗೆ ಅದು ಗಟ್ಟಿಯಾಗಿ ಕಾಲಿಟ್ಟದ್ದು ಬಹಳ ತಡವಾಗಿ, ಮುಖ್ಯವಾಗಿ ಸಾವಿನ ಬಾಗಿಲಿನಿಂದ. ಭಿಕ್ಷು ದೋಗೆನ್ 1244ರಲ್ಲಿ ಸ್ಥಾಪಿಸಿದ ಏಹೇಜಿ ಕಠಿಣ ಧ್ಯಾನದ ಮಠ. ಅವನ ಸೋತೋ ಝೆನ್ ಪಂಥವೇ 15, 16ನೆಯ ಶತಮಾನಗಳಲ್ಲಿ ರೈತರಿಗೂ ಸಣ್ಣ ಯೋಧರಿಗೂ ಅಂತ್ಯಕ್ರಿಯೆ ಮಾಡಿಕೊಡುತ್ತ ಹಳ್ಳಿಹಳ್ಳಿಗೆ ಹರಡಿತು. ಇಂದು ಆ ಪಂಥಕ್ಕೆ 14,000ಕ್ಕೂ ಹೆಚ್ಚು ಗುಡಿಗಳಿವೆ. ಝೆನ್ ಎಂದರೆ ಧ್ಯಾನ ಎಂದಷ್ಟೇ ತಿಳಿದು ಬಂದವರಿಗೆ ಹಳ್ಳಿಯ ಝೆನ್ ಗುಡಿಯಲ್ಲಿ ಧ್ಯಾನಕ್ಕಿಂತ ಶ್ರಾದ್ಧವೇ ಹೆಚ್ಚಾಗಿ ಕಾಣುವುದು ಈ ಕಾರಣಕ್ಕೆ. ಅದನ್ನು ಧರ್ಮದ ಇಳಿಮುಖವೆಂದು ಹಳಿಯಬೇಕಿಲ್ಲ. ಹೆಸರಿಲ್ಲದೆ ಸಾಯುತ್ತಿದ್ದ ರೈತನಿಗೆ ಹೆಸರಿಟ್ಟು, ವರ್ಷ ವರ್ಷ ಆ ಹೆಸರನ್ನು ನೆನೆಯುವ ವ್ಯವಸ್ಥೆ ಸಣ್ಣದಲ್ಲ.

ಅಲ್ಲಿಂದ ಮುಂದೆ ರಾಜ್ಯಾಧಿಕಾರ ನಡುವೆ ಬಂತು. ತೊಕುಗಾವಾ ಆಡಳಿತ 1614ರಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. 1637-38ರ ಶಿಮಾಬಾರಾ ದಂಗೆಯ ನಂತರ ಹಿಡಿತ ಇನ್ನಷ್ಟು ಬಿಗಿಯಾಗಿ, 17ನೆಯ ಶತಮಾನ ಮುಗಿಯುವ ಮೊದಲೇ ಪ್ರತಿ ಕುಟುಂಬವೂ ಒಂದಲ್ಲ ಒಂದು ಬೌದ್ಧ ಗುಡಿಯಲ್ಲಿ ಹೆಸರು ಬರೆಸುವುದು ಕಡ್ಡಾಯವಾಯಿತು. ಈ ಮನುಷ್ಯ ಕ್ರೈಸ್ತನಲ್ಲ, ನಮ್ಮ ಗುಡಿಗೆ ಸೇರಿದವನು ಎಂದು ಭಿಕ್ಷು ಬರೆದುಕೊಡಬೇಕು. ಮದುವೆಗೂ ಊರು ಬದಲಾಯಿಸುವುದಕ್ಕೂ ಆ ಪತ್ರ ಬೇಕು. ಹೀಗೆ ಗುಡಿಗೆ ಸೇರಿದ ಮನೆಗಳೇ ‘ದಂಕಾ’. ಗುಡಿಯ ಮಾಡಿಗೆ, ಭಿಕ್ಷುವಿನ ಊಟಕ್ಕೆ, ಹಬ್ಬದ ಖರ್ಚಿಗೆ ಕೊಡಬೇಕಾದವರು ಅವರು. ಅವರ ಸತ್ತವರನ್ನು ನೋಡಿಕೊಳ್ಳಬೇಕಾದದ್ದು ಗುಡಿ. ಈ ನಂಟು ಭಕ್ತಿಯಿಂದ ಹುಟ್ಟಿದ್ದಲ್ಲ, ಆಜ್ಞೆಯಿಂದ ಹುಟ್ಟಿದ್ದು. ಗುಡಿಯಲ್ಲಿ ಹೆಸರು ಬರೆಸಿದ ಅದೇ ದಾಖಲೆಗಳನ್ನು ಆಧರಿಸಿ 20ನೆಯ ಶತಮಾನದಲ್ಲಿ ಇತಿಹಾಸಕಾರ ಹಾಯಾಮಿ ಅಕಿರಾ ಜಪಾನಿನ ಹಳ್ಳಿಗರ ಜನನ, ಮದುವೆ, ವಲಸೆ, ಮರಣಗಳ ಚಿತ್ರವನ್ನು ಕಟ್ಟಿದರು. ಜನರ ಮೇಲೆ ಕಣ್ಣಿಡಲು ಬರೆಸಿದ ಪುಸ್ತಕಗಳೇ ಆ ಜನರ ಬದುಕಿಗೆ ಅತ್ಯುತ್ತಮ ಸಾಕ್ಷಿಯಾದವು.

1868ರ ನಂತರ ಮೇಜಿ ಸರ್ಕಾರ ಗುಡಿಗಳಿಗಿದ್ದ ರಾಜ್ಯದ ಬೆಂಬಲವನ್ನು ಕಿತ್ತುಕೊಂಡಿತು. ಶಿಂತೋ ಮತ್ತು ಬೌದ್ಧ ಪೂಜೆಗಳನ್ನು ಬೇರ್ಪಡಿಸುವ ಆಜ್ಞೆಯ ಬೆನ್ನಲ್ಲೇ ಹಲವೆಡೆ ಗುಡಿಗಳು ನಾಶವಾದವು, ವಿಗ್ರಹಗಳು ಒಡೆದವು. 1871ರಲ್ಲಿ ಗುಡಿಯ ಜಮೀನುಗಳು ಸರ್ಕಾರದ ಪಾಲಾದವು, ಗುಡಿಯಲ್ಲಿ ಹೆಸರು ಬರೆಸುವ ನಿಯಮವೂ ರದ್ದಾಯಿತು. 1872ರಲ್ಲಿ ಭಿಕ್ಷುಗಳು ಮದುವೆಯಾಗಬಹುದು, ಮಾಂಸ ತಿನ್ನಬಹುದು, ಕೂದಲು ಬಿಡಬಹುದು ಎಂಬ ಆದೇಶ ಬಂತು. ಕಾಲಕ್ರಮದಲ್ಲಿ ಗುಡಿ ತಂದೆಯಿಂದ ಮಗನಿಗೆ ಇಳಿಯುವ ಮನೆತನದ ಕೆಲಸವಾಯಿತು. ಯುದ್ಧಕಾಲದಲ್ಲಿ, 1941ರ ಲೋಹ ಸಂಗ್ರಹದ ಆಜ್ಞೆಯ ನಂತರ, ದೇಶದ ಗಂಟೆಗಳಲ್ಲಿ ಬಹುಪಾಲು ಕರಗುವ ಕುಲುಮೆಗೆ ಹೋದವು. ಗಂಟೆಯ ಭಾರವಿಲ್ಲದೆ ಮಂಟಪ ಅಲುಗಾಡದಿರಲೆಂದು ಅದರ ಜಾಗದಲ್ಲಿ ಕಲ್ಲು ತೂಗುಹಾಕಿದ ಗುಡಿಗಳೂ ಇದ್ದವು. ಯುದ್ಧ ಮುಗಿದ ಮೇಲೆ ಬಂದ ಭೂಸುಧಾರಣೆ, ಗುಡಿಗಳ ಬಳಿ ಉಳಿದಿದ್ದ ಗೇಣಿ ಜಮೀನನ್ನು ರೈತರಿಗೆ ಹಂಚಿತು. ರೈತನಿಗೆ ಅದು ನ್ಯಾಯವೇ. ಗುಡಿಯ ಪಾಲಿಗೆ ಮಾತ್ರ, ಅಲ್ಲಿಂದಾಚೆಗೆ ದಂಕಾ ಮನೆಗಳು ಶ್ರಾದ್ಧಕ್ಕೆ ಕೊಡುವ ಕಾಣಿಕೆಯೊಂದೇ ಆಧಾರ.

ಆ ಮನೆಗಳೇ ಖಾಲಿಯಾಗತೊಡಗಿದ್ದು 1950ರ ದಶಕದಿಂದ. ಕಾರ್ಖಾನೆಗಳು, ನಗರಗಳು ಹಳ್ಳಿಯ ಯುವಜನರನ್ನು ಎಳೆದುಕೊಂಡವು. 1970ರ ಹೊತ್ತಿಗೆ ಜನ ಬರಿದಾಗುತ್ತಿರುವ ಪ್ರದೇಶಗಳಿಗೆಂದೇ ಪ್ರತ್ಯೇಕ ಕಾನೂನು ಬೇಕಾಯಿತು. ಒಟ್ಟು ಜನಸಂಖ್ಯೆ 2008ರ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗಿತು. 896 ಸ್ಥಳೀಯ ಆಡಳಿತಗಳು ಮುಂದೆ ಇಲ್ಲವಾಗಬಹುದು ಎಂದು 2014ರಲ್ಲಿ ಮಾಸುದಾ ಹಿರೊಯಾ ನೇತೃತ್ವದ ವರದಿ ಎಚ್ಚರಿಸಿತು. ಮರುವರ್ಷ, ಸ್ವತಃ ಜೋದೋ ಪಂಥದ ಭಿಕ್ಷುವೂ ಪತ್ರಕರ್ತರೂ ಆದ ಉಕಾಯಿ ಹಿದೆನೊರಿ ಗುಡಿಗಳು ಕಣ್ಮರೆಯಾಗುತ್ತಿರುವ ಬಗ್ಗೆ ಬರೆದ ಪುಸ್ತಕ ದೇಶದಾದ್ಯಂತ ಚರ್ಚೆ ಎಬ್ಬಿಸಿತು. ಈಗ ಒಬ್ಬ ಭಿಕ್ಷು ಎರಡು ಮೂರು ಗುಡಿಗಳನ್ನು ನೋಡಿಕೊಳ್ಳುವುದು ಹಳ್ಳಿಗಾಡಿನಲ್ಲಿ ಮಾಮೂಲು. ವಾರದ ದಿನಗಳಲ್ಲಿ ಶಾಲೆಯಲ್ಲಿ ಪಾಠ ಮಾಡಿ ಇಲ್ಲವೇ ಪುರಸಭೆಯಲ್ಲಿ ಕೆಲಸ ಮಾಡಿ, ರಜೆಯಲ್ಲಿ ಶ್ರಾದ್ಧಗಳನ್ನು ನಡೆಸುವವರಿದ್ದಾರೆ. ಇದರ ನಡುವೆ ಗುಡಿಯನ್ನು ನಿಜವಾಗಿ ನಡೆಸುವುದು ಅನೇಕ ಕಡೆ ಭಿಕ್ಷುವಿನ ಹೆಂಡತಿ. ಬಂದವರಿಗೆ ಚಹಾ ಕೊಡುವುದು, ಹೂ ಬದಲಾಯಿಸುವುದು, ಯಾವ ಮನೆಯ ಯಾವ ತಿಥಿ ಎಂದು ನೆನಪಿಟ್ಟುಕೊಳ್ಳುವುದು ಆಕೆಯ ಕೆಲಸ. ಗುಡಿಯ ಚರಿತ್ರೆ ಬರೆಯುವವರು ಆಕೆಯ ಹೆಸರನ್ನು ಬರೆಯುವುದು ಅಪರೂಪ.

ಇಲ್ಲಿ ಒಂದು ಆಕ್ಷೇಪ ಎದುರಾಗುತ್ತದೆ. ಕಣ್ಗಾವಲಿಗಾಗಿ ಬಲವಂತದಿಂದ ಕಟ್ಟಿದ ವ್ಯವಸ್ಥೆ ತಾನಾಗಿ ಕುಸಿದರೆ ಕುಸಿಯಲಿ, ಅದನ್ನು ಹಿಡಿದು ನಿಲ್ಲಿಸುವುದೇಕೆ? ಟೋಕಿಯೊದಲ್ಲಿ ನೆಲೆಸಿದ ಮೊಮ್ಮಗ, ಅಜ್ಜನ ಊರಿನ ಗುಡಿಗೆ ಯಾಕೆ ಹಣ ಕಳಿಸುತ್ತಲೇ ಇರಬೇಕು? ಆಕ್ಷೇಪದಲ್ಲಿ ಹುರುಳಿದೆ. ಸತ್ತವರಿಗೆ ಕೊಡುವ ಧರ್ಮನಾಮಕ್ಕೆ ಲಕ್ಷಾಂತರ ಯೆನ್ ಕೇಳುವ ಗುಡಿಗಳ ಬಗ್ಗೆ ಜಪಾನಿನಲ್ಲೇ ಅಸಮಾಧಾನವಿದೆ. ಊರಿನ ಗೋರಿಯನ್ನು ಮುಚ್ಚಿ ಚಿತಾಭಸ್ಮವನ್ನು ಬೇರೆಡೆಗೆ ಒಯ್ಯುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. 2022ರಲ್ಲಿ ಇಂಥ ಸ್ಥಳಾಂತರಗಳು ಒಂದೂವರೆ ಲಕ್ಷ ದಾಟಿದವು. ಆದರೆ ಹುಟ್ಟಿನ ಕಾರಣವನ್ನೇ ಬೆಲೆಯ ಅಳತೆ ಮಾಡಿಕೊಂಡರೆ ಉಳಿಯುವ ಸಂಸ್ಥೆಗಳು ಕಡಿಮೆ. ಆಜ್ಞೆ ರದ್ದಾಗಿ ನೂರೈವತ್ತು ವರ್ಷಗಳಾದವು; ಆಮೇಲೂ ಜನ ಮಾಡು ಹೊದಿಸಿದರು, ಅಂಗಳ ಗುಡಿಸಿದರು. ಅಷ್ಟು ಕಾಲ ಯಾರೂ ಒತ್ತಾಯಿಸದೆ ನಡೆದ ಕೆಲಸವನ್ನು ಬಲವಂತದ ಪಳೆಯುಳಿಕೆ ಎನ್ನಲಾಗದು.

ಇದಕ್ಕಿಂತ ಗಟ್ಟಿಯಾದ ಉತ್ತರ ಶಿಗಾ ಪ್ರಾಂತ್ಯದಲ್ಲಿದೆ. ಬಿವಾ ಸರೋವರದ ಉತ್ತರ ದಂಡೆಯ ನಾಗಾಹಾಮಾ ಸುತ್ತಮುತ್ತಲ ಹಳ್ಳಿಗಳಲ್ಲಿ ಕರುಣೆಯ ಬೋಧಿಸತ್ತ್ವ ಕನ್ನೊನ್‌ನ ನೂರಕ್ಕೂ ಹೆಚ್ಚು ವಿಗ್ರಹಗಳಿವೆ. ಹಲವಕ್ಕೆ ಒಂದು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. ಅವುಗಳಲ್ಲಿ ಅನೇಕವು ಇರುವುದು ಭಿಕ್ಷುವೇ ಇಲ್ಲದ ಪುಟ್ಟ ಮಂದಿರಗಳಲ್ಲಿ. ಹಿಂದೆ ಕೊದಾಕಾಮಿ ಬೆಟ್ಟದ ಮೇಲೆ, ಅದರ ತಪ್ಪಲಲ್ಲಿ ದೊಡ್ಡ ಮಠಗಳಿದ್ದವು. ಮಠಗಳು ಅಳಿದವು, ವಿಗ್ರಹಗಳನ್ನು ಊರವರು ತಮ್ಮ ನಡುವೆ ಇಟ್ಟುಕೊಂಡರು. 1570ರ ಅನೆಗಾವಾ ಯುದ್ಧದಿಂದ ಶುರುವಾಗಿ ಈ ಬಯಲು ಅಜೈ ಮನೆತನ ಮತ್ತು ಓದಾ ನೊಬುನಾಗಾ ಸೈನ್ಯಗಳ ರಣರಂಗವಾಯಿತು. ಗುಡಿಗಳಿಗೆ ಬೆಂಕಿ ಬಿದ್ದಾಗ ವಿಗ್ರಹಗಳನ್ನು ಹೊತ್ತು ತಂದು ಮಣ್ಣಿನಲ್ಲಿ ಹೂತು, ನೀರಿನಲ್ಲಿ ಮುಳುಗಿಸಿ ಉಳಿಸಿಕೊಂಡೆವು ಎಂಬುದು ಊರೂರಿನ ನೆನಪು.

ತಾಕಾತ್ಸುಕಿಯ ದೋಗಾನ್‌ಜಿ ಮಂದಿರದ ಹನ್ನೊಂದು ಮುಖದ ಕನ್ನೊನ್ ಅವುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧ. 9ನೆಯ ಶತಮಾನದ, ಹಿನೊಕಿ ಮರದ, 194 ಸೆಂಟಿಮೀಟರ್ ಎತ್ತರದ ಈ ವಿಗ್ರಹಕ್ಕೆ 1953ರಲ್ಲಿ ರಾಷ್ಟ್ರೀಯ ನಿಧಿಯ ಸ್ಥಾನ ಸಿಕ್ಕಿತು. ಸೊಂಟವನ್ನು ತುಸು ಒಂದು ಬದಿಗೆ ಓರೆಯಾಗಿಸಿ ನಿಂತ ಭಂಗಿ. ಎರಡು ಕಿವಿಗಳ ಹಿಂದೆ ಒಂದೊಂದು ಮುಖ. ತಲೆಯ ಹಿಂಬದಿಯಲ್ಲಿ ಬಾಯಗಲಿಸಿ ನಗುವ ಇನ್ನೊಂದು ಮುಖ. ಸುತ್ತಲೂ ನಡೆದು ನೋಡಬಹುದಾದ್ದರಿಂದ, ಬೇರೆಡೆ ಪ್ರಭಾವಳಿಯ ಮರೆಯಲ್ಲಿ ಅಡಗುವ ಆ ನಗುವನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಇದರ ಒಡೆತನ ಕೋಗೆನ್‌ಜಿ ಗುಡಿಯದು. ಆ ಗುಡಿ ಸೇರಿದ ಜೋದೋ ಶಿನ್ ಪಂಥ ಅಮಿದಾ ಬುದ್ಧನೊಬ್ಬನನ್ನೇ ಆರಾಧಿಸುವಂಥದ್ದು. ಹಾಗೆಂದು ಊರವರು ಕನ್ನೊನ್‌ನನ್ನು ಕೈಬಿಡಲಿಲ್ಲ, ಬೇರೆಯೇ ಮಂದಿರ ಕಟ್ಟಿ ಇರಿಸಿದರು. ಪಂಥದ ಸಿದ್ಧಾಂತಕ್ಕಿಂತ ತಲೆಮಾರುಗಳ ಒಡನಾಟವೇ ಅವರಿಗೆ ದೊಡ್ಡದಾಯಿತು. ಕನ್ನೊನ್ ಎಂದರೆ ಭಾರತದ ಅವಲೋಕಿತೇಶ್ವರನೇ. ಮುಂಬಯಿಯ ಕಾನ್ಹೇರಿ ಗುಹೆಯಲ್ಲಿ ಹನ್ನೊಂದು ತಲೆಯ ಅವಲೋಕಿತೇಶ್ವರನಿದ್ದಾನೆ. ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಕಂಚಿನ ಲೋಕೇಶ್ವರನೂ ಅವನೇ. ಅಲ್ಲಿಯೂ ಬೌದ್ಧ ವಿಹಾರ ಹೋಯಿತು, ಮಂಜುನಾಥನ ಗುಡಿ ಬಂತು, ವಿಗ್ರಹಕ್ಕೆ ಪೂಜೆ ನಿಲ್ಲಲಿಲ್ಲ. ದೇವರು ಯಾರವನೆಂಬ ಪ್ರಶ್ನೆಯನ್ನು ಊರು ಪಂಡಿತರಿಗಿಂತ ಬೇರೆ ರೀತಿಯಲ್ಲಿ ಬಗೆಹರಿಸಿಕೊಳ್ಳುತ್ತದೆ.

ದೋಗಾನ್‌ಜಿಗೆ ಜನ ಬರುತ್ತಾರೆ, ಅಲ್ಲಿ ಟಿಕೆಟ್ಟೂ ಉಂಟು. ಸುತ್ತಲ ಸಣ್ಣ ಮಂದಿರಗಳಲ್ಲಿ ದರ್ಶನದ ಕ್ರಮವೇ ಬೇರೆ. ಬಾಗಿಲಿಗೆ ಬೀಗವಿರುತ್ತದೆ. ಮೊದಲೇ ದೂರವಾಣಿ ಮಾಡಿ ದಿನ, ಗಂಟೆ ಗೊತ್ತುಪಡಿಸಿಕೊಳ್ಳಬೇಕು. ಆ ವರ್ಷದ ಪಾಳಿಯಲ್ಲಿರುವ ಊರಿನ ಹಿರಿಯರು, ಹೆಚ್ಚಾಗಿ ಗದ್ದೆ ಕೆಲಸದ ನಡುವೆ, ಸಣ್ಣ ಟ್ರಕ್ಕಿನಲ್ಲಿ ಬಂದು ಕೈ ತೊಳೆದು ಬೀಗ ತೆಗೆಯುತ್ತಾರೆ. ಮರದ ಬಾಗಿಲುಗಳನ್ನು ಒಂದೊಂದಾಗಿ ಸರಿಸಿ, ದೀಪ ಹಚ್ಚಿ, ಗಂಧದ ಕಡ್ಡಿ ಊರಿ, ಚಿಕ್ಕದಾಗಿ ಸೂತ್ರ ಪಠಿಸಿದ ಮೇಲೆ ಗರ್ಭಪೆಟ್ಟಿಗೆಯ ಕದ ತೆರೆಯುತ್ತಾರೆ. ಬಂದವರು ಚಪ್ಪಲಿ ಕಳಚಿ, ಹೊಸ್ತಿಲು ತುಳಿಯದೆ ಒಳಗೆ ಹೋಗಿ ಚಾಪೆಯ ಮೇಲೆ ಕೂರುತ್ತಾರೆ. ಕೇಳಿದರೆ ಕಥೆ ಸಿಗುತ್ತದೆ: ಯಾವ ಯುದ್ಧದಲ್ಲಿ ಕೈ ಮುರಿಯಿತು, ಯಾವ ವರ್ಷ ಹಿಮದ ಭಾರಕ್ಕೆ ಮಾಡು ಕುಸಿಯಿತು, ಯಾರ ಅಜ್ಜ ಹಣ ಎತ್ತಿದರು. ಹೇಳುವವರು ಪರಿಣತರಲ್ಲ, ಶಿಲ್ಪಶಾಸ್ತ್ರ ಗೊತ್ತಿದ್ದವರೂ ಅಲ್ಲ. ಅವರ ಮಾತಿನಲ್ಲಿ ವಿಗ್ರಹ ಕಲಾಕೃತಿಯಾಗಿ ಬರುವುದಿಲ್ಲ, ಮನೆಯ ಹಿರಿಯರಂತೆ ‘ಕನ್ನೊನ್-ಸಾಮಾ’ ಎಂದೇ ಬರುತ್ತದೆ. ಇನೋವುವೆ ಯಾಸುಶಿ 1970ರ ದಶಕದ ಆರಂಭದಲ್ಲಿ ಬರೆದ ‘ಹೋಶಿ ತೊ ಮಾತ್ಸುರಿ’ ಕಾದಂಬರಿಯಲ್ಲಿ, ಮಗಳನ್ನು ಕಳೆದುಕೊಂಡ ತಂದೆ ಇದೇ ಹಳ್ಳಿಗಳ ಕನ್ನೊನ್‌ಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋಗುತ್ತಾನೆ. ಜಪಾನಿನ ಉಳಿದ ಭಾಗದ ಓದುಗರು ಈ ಕಡೆ ತಿರುಗಿ ನೋಡಿದ್ದರಲ್ಲಿ ಆ ಕಾದಂಬರಿಯ ಪಾಲು ದೊಡ್ಡದು.

ಪಾಳಿಯ ಮನೆಗಳು ಕಡಿಮೆಯಾದಂತೆ ಪಾಳಿ ಬೇಗ ಬೇಗ ಬರುತ್ತದೆ, ಹೊರುವವರಿಗೆ ವಯಸ್ಸಾಗುತ್ತದೆ. ಆಗ ಮುಂದೆ ಬರುವ ಸಲಹೆ, ವಿಗ್ರಹವನ್ನು ಮ್ಯೂಸಿಯಂಗೆ ಕೊಟ್ಟುಬಿಡುವುದು. ಕಳ್ಳತನದ ಭಯ ಇದಕ್ಕೆ ಬಲ ಕೊಡುತ್ತದೆ. ವಾಕಾಯಾಮಾ ಪ್ರಾಂತ್ಯದಲ್ಲಿ 2010-11ರಲ್ಲಿ ಕಾವಲಿಲ್ಲದ ಹಳ್ಳಿಗುಡಿಗಳಿಂದ ಸಾಲುಸಾಲಾಗಿ ವಿಗ್ರಹಗಳು ಕಳುವಾದವು. ತ್ಸುಶಿಮಾ ದ್ವೀಪದ ಕನ್ನೊನ್‌ಜಿಯಿಂದ 2012ರಲ್ಲಿ ಕೊರಿಯಾಕ್ಕೆ ಕದ್ದೊಯ್ದ ವಿಗ್ರಹ, ಅದು ಮೂಲತಃ ತನ್ನದೇ ಎಂದು ಕೊರಿಯಾದ ಗುಡಿಯೊಂದು ಹೂಡಿದ ದಾವೆ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ 2023ರಲ್ಲಿ ಇತ್ಯರ್ಥವಾದ ಮೇಲೆ, 2025ರ ಮೇ ತಿಂಗಳಲ್ಲಿ ಮರಳಿತು. ಊರಿನ ಜನ ಸಂಭ್ರಮದಿಂದ ಬರಮಾಡಿಕೊಂಡ ಆ ವಿಗ್ರಹವನ್ನು ಸುರಕ್ಷತೆಗಾಗಿ ಗುಡಿಯ ಬದಲು ದ್ವೀಪದ ಮ್ಯೂಸಿಯಂನಲ್ಲಿ ಇಡಬೇಕಾಯಿತು.

ವಾಕಾಯಾಮಾ ಕಂಡುಕೊಂಡ ದಾರಿ ಹೆಚ್ಚು ವಿಚಾರಕ್ಕೆ ಅರ್ಹ. ಅಲ್ಲಿಯ ಪ್ರಾಂತೀಯ ಮ್ಯೂಸಿಯಂ, ಸ್ಥಳೀಯ ತಾಂತ್ರಿಕ ಪ್ರೌಢಶಾಲೆ ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಜೊತೆ ಸೇರಿ, ವಿಗ್ರಹಗಳನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆದು, ಪ್ರಿಂಟರಿನಲ್ಲಿ ಪ್ರತಿರೂಪ ಮಾಡಿ, ಮಾಸಲು ಬಣ್ಣ, ಬಿರುಕುಗಳ ಸಮೇತ ಕೈಯಿಂದ ಬಣ್ಣ ಹಚ್ಚಿ ಹಳ್ಳಿಗಳಿಗೆ ಕೊಡುತ್ತದೆ. ಮೂಲ ವಿಗ್ರಹ ಮ್ಯೂಸಿಯಂನಲ್ಲಿ, ಪ್ರತಿರೂಪ ಗುಡಿಯಲ್ಲಿ. ಪ್ಲಾಸ್ಟಿಕ್ಕಿನ ಬುದ್ಧನಿಗೆ ಕೈ ಮುಗಿಯುವುದೇ ಎಂದು ಮೂಗು ಮುರಿಯುವುದು ಸುಲಭ. ಆದರೆ ವಿದ್ಯಾರ್ಥಿಗಳು ತಾವೇ ಹಳ್ಳಿಗೆ ಹೋಗಿ ಪ್ರತಿರೂಪವನ್ನು ಒಪ್ಪಿಸುತ್ತಾರೆ, ಊರವರು ಅದಕ್ಕೆ ಹೂವಿಡುತ್ತಾರೆ, ಸೇರುವ ದಿನ ಸೇರುತ್ತಾರೆ. ಮರದ ತುಂಡು ಊರಿನಿಂದ ಹೋಯಿತು, ಸೇರುವ ಕಾರಣ ಹೋಗಲಿಲ್ಲ. ಜಪಾನಿನ ಸಂರಕ್ಷಣಾ ಕಾನೂನುಗಳ ಪರಂಪರೆ 1897ರಿಂದ ಶುರುವಾಗಿ 1950ರ ಸಾಂಸ್ಕೃತಿಕ ಆಸ್ತಿ ಕಾಯ್ದೆಯವರೆಗೆ ಬಂದು ವಸ್ತುವನ್ನು ಕಾಪಾಡುವುದರಲ್ಲಿ ಅಸಾಧಾರಣ ಕೆಲಸ ಮಾಡಿದೆ. ಪಾಳಿಯನ್ನು ಕಾಪಾಡುವ ಉಪಾಯ ಅದರ ಬಳಿ ಇಲ್ಲ. ಮ್ಯೂಸಿಯಂ ಒಂದು ಮತ್ತು ಕೆಲವು ಹದಿಹರೆಯದವರು ಅದಕ್ಕೆ ಹತ್ತಿರ ಬಂದಿದ್ದಾರೆ. ಬಾಗಿಲು ತೆಗೆಯುವವರು ಇರುವವರೆಗೆ ವಿಗ್ರಹವನ್ನು ಊರಿನಲ್ಲಿ ಬಿಡುವುದೇ ಸರಿ. ಅವರು ಇಲ್ಲವಾದಲ್ಲಿ ಮ್ಯೂಸಿಯಂ ಅನಿವಾರ್ಯ, ಆದರೆ ಹಬ್ಬದ ದಿನ ಅದು ಊರಿಗೆ ಮರಳುವ ಹಕ್ಕನ್ನು ಕಾಗದದಲ್ಲೇ ಬರೆದಿಡಬೇಕು.

ಪ್ರವಾಸೋದ್ಯಮವೇ ಪರಿಹಾರ ಎನ್ನುವವರೂ ಇದ್ದಾರೆ. ಶಿಕೋಕು ದ್ವೀಪದ 88 ಗುಡಿಗಳ ಯಾತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಭಿಕ್ಷು ಕೂಕಾಯಿ (774-835) ಹೆಸರಿನ ಈ ಸುಮಾರು 1,200 ಕಿಲೋಮೀಟರ್ ಹಾದಿಯಲ್ಲಿ ಯಾತ್ರಿಕರು ಪ್ರತಿ ಗುಡಿಯಲ್ಲೂ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಕಾಣಿಕೆ ಕೊಡುತ್ತಾರೆ. 300 ಯೆನ್ ಇದ್ದ ಅದು 2024ರಲ್ಲಿ 500 ಯೆನ್ ಆಯಿತು. ದಾರಿಯ ಹಳ್ಳಿಗರು ಯಾತ್ರಿಕರಿಗೆ ಹಣ್ಣು, ಚಹಾ, ತಂಗುವ ಜಾಗ ಕೊಡುವುದನ್ನು ಪುಣ್ಯವೆಂದು ಭಾವಿಸುತ್ತಾರೆ. ಆದರೆ ಈ ಏರ್ಪಾಡು ಯಾತ್ರೆಯ ಸುತ್ತ ಬೆಳೆದದ್ದು, ಎಲ್ಲ ಗುಡಿಗಳಿಗೂ ಹೊಂದುವಂಥದ್ದಲ್ಲ. ಮೂವತ್ತು ಮನೆಗಳ ಊರಿಗೆ ದಿನಕ್ಕೊಂದು ಬಸ್ಸು ಪ್ರವಾಸಿಗರು ಬಂದರೆ ಬೀಗದಕೈ ಹಿಡಿದ ಹಿರಿಯರು ಗದ್ದೆಗೆ ಹೋಗುವಂತಿಲ್ಲ. ನಾಗಾಹಾಮಾ ನಗರಾಡಳಿತ ಇದನ್ನು ಅರಿತು 2016ರಿಂದ 2020ರವರೆಗೆ ಟೋಕಿಯೊದ ಉಏನೊದಲ್ಲಿ ಪುಟ್ಟ ಮನೆಯೊಂದನ್ನು ನಡೆಸಿತು: ಹಳ್ಳಿಗಳ ಕನ್ನೊನ್‌ಗಳು ಒಂದಾದ ಮೇಲೊಂದರಂತೆ ಬಂದು ಕೆಲಕಾಲ ಅಲ್ಲಿದ್ದು ಮರಳುತ್ತಿದ್ದವು. ನೋಡುವವರ ಹೊರೆ ಹಳ್ಳಿಯ ಮೇಲೆ ಬೀಳದಂತೆ ಮಾಡಿದ ಆ ಏರ್ಪಾಡು ಮತ್ತೆ ಬೇರೆಡೆಯೂ ನಡೆಯಬೇಕಾದದ್ದು. ಭೇಟಿಗೆ ಹೋಗುವವರಿಂದ ಹಳ್ಳಿಗುಡಿ ಬೇಡುವುದು ಹೆಚ್ಚಿಲ್ಲ. ಮೊದಲೇ ತಿಳಿಸುವುದು, ಹೇಳಿದ ಹೊತ್ತಿಗೆ ಹೋಗುವುದು, ಕೇಳದೆ ಫೋಟೊ ತೆಗೆಯದಿರುವುದು, ಕಾಣಿಕೆಯನ್ನು ಲಕೋಟೆಯಲ್ಲಿ ಇಡುವುದು, ತೆರೆದವರ ಮಾತನ್ನು ಕುಳಿತು ಕೇಳುವುದು. ಕೇಳುವ ಕಿವಿ ಇದ್ದರೆ ಮುಂದಿನ ಪಾಳಿಯವರಿಗೂ ಆ ಕಥೆ ಕಲಿಯಬೇಕೆನಿಸುತ್ತದೆ.

ಹೊರಗಿನವರನ್ನು ನೋಡುಗರನ್ನಾಗಿ ಉಳಿಸದೆ ಗುಡಿಯವರನ್ನಾಗಿಯೇ ಮಾಡಿಕೊಂಡ ಪ್ರಯತ್ನ ಇವಾತೆ ಪ್ರಾಂತ್ಯದ ಇಚಿನೊಸೆಕಿಯದು. ಅಲ್ಲಿಯ ಶೋಉನ್‌ಜಿ ಎಂಬ ರಿನ್‌ಜಾಯ್ ಝೆನ್ ಗುಡಿ 1999ರಲ್ಲಿ ಜಪಾನಿನ ಮೊದಲ ‘ಮರದ ಗೋರಿ’ ಸ್ಮಶಾನವನ್ನು ತೆರೆಯಿತು. ಕಲ್ಲಿಲ್ಲ, ಕಾಂಕ್ರೀಟಿಲ್ಲ, ಚಿತಾಭಸ್ಮವನ್ನು ನೇರವಾಗಿ ಮಣ್ಣಿಗೆ ಸೇರಿಸಿ, ಮೇಲೆ ಆ ನೆಲದ್ದೇ ಪೊದೆಗಿಡ ನೆಡುತ್ತಾರೆ. ಆರೈಕೆಯಿಲ್ಲದೆ ಹಾಳುಬಿದ್ದಿದ್ದ ಊರಂಚಿನ ಕಾಡನ್ನು ಮತ್ತೆ ಜೀವಂತಗೊಳಿಸುವುದು ಇದರ ಮೂಲ ಉದ್ದೇಶ. ಮಕ್ಕಳಿಲ್ಲದವರು, ಗೋರಿಯ ಹೊರೆಯನ್ನು ಮಕ್ಕಳಿಗೆ ಬಿಡಲು ಇಷ್ಟವಿಲ್ಲದವರು ದೂರದ ನಗರಗಳಿಂದ ಬಂದು ಜಾಗ ಪಡೆದರು. ಬದುಕಿರುವಾಗಲೇ ಅವರಿಗೆ ಆ ಕಾಡಿನ ಜೊತೆ ಒಡನಾಟ ಬೆಳೆಯುತ್ತದೆ. ಆಮೇಲೆ ಮರದ ಗೋರಿ ದೇಶದಾದ್ಯಂತ ವ್ಯಾಪಾರವಾಗಿ, ನಗರಗಳಲ್ಲಿ ಅಂಗೈಯಗಲದ ಹುಲ್ಲುಹಾಸನ್ನೂ ಆ ಹೆಸರಿನಲ್ಲಿ ಮಾರುವಂತಾಯಿತು. ಇಚಿನೊಸೆಕಿಯ ಮೂಲ ಯೋಚನೆಯ ಬೆಲೆ ಅದರಿಂದ ಕುಗ್ಗುವುದಿಲ್ಲ. ಹುಟ್ಟಿನಿಂದ ಬರುತ್ತಿದ್ದ ದಂಕಾ ನಂಟಿನ ಜಾಗದಲ್ಲಿ ಜನ ತಾವೇ ಆರಿಸಿಕೊಂಡ ನಂಟನ್ನು ಅದು ತಂದಿತು.

ಎಲ್ಲ ಗುಡಿಗಳೂ ಹೀಗೆ ಉಳಿಯಲಾರವು. 1951ರ ಧಾರ್ಮಿಕ ಸಂಸ್ಥೆಗಳ ಕಾನೂನಿನಂತೆ ಪ್ರತಿ ಗುಡಿಯೂ ಒಂದು ಕಾನೂನುಬದ್ಧ ಸಂಸ್ಥೆ. ಮುಚ್ಚಬೇಕಾದರೂ ಕ್ರಮವುಂಟು, ಪಕ್ಕದ ಗುಡಿಯೊಡನೆ ವಿಲೀನ ಇಲ್ಲವೇ ವಿಸರ್ಜನೆ. ಎರಡಕ್ಕೂ ಉಳಿದ ದಂಕಾ ಮನೆಗಳ ಒಪ್ಪಿಗೆ, ಪಂಥದ ಕೇಂದ್ರದ ಒಪ್ಪಿಗೆ, ಗೋರಿಗಳನ್ನು ಸಾಗಿಸುವ ಮತ್ತು ಕಟ್ಟಡ ಕೆಡಹುವ ಖರ್ಚು ಬೇಕು. ಐದಾರು ಮನೆಗಳಷ್ಟೇ ಉಳಿದಾಗ ಇದನ್ನು ಹೊರುವವರಿಲ್ಲ. ಆಗ ಗುಡಿ ಕಾಗದದಲ್ಲಿ ಮಾತ್ರ ಇದ್ದು ನೆಲದ ಮೇಲೆ ಕೊಳೆಯುತ್ತದೆ, ತೆರಿಗೆ ತಪ್ಪಿಸಲು ಇಂಥ ಹೆಸರುಗಳನ್ನು ಕೊಳ್ಳಲು ನೋಡುವವರ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ಮುಚ್ಚುವ ತೀರ್ಮಾನವನ್ನು ಇನ್ನೂ ಕೈಗಳಿರುವಾಗಲೇ ಕೈಗೊಳ್ಳುವುದು ಒಳಿತು. ವಿಗ್ರಹದಿಂದ ಪ್ರಾಣವನ್ನು ಬೀಳ್ಕೊಡುವ ವಿಧಿ ನಡೆಸಿ ಅದನ್ನು ಬೇರೆ ಗುಡಿಗೆ ಒಯ್ಯುತ್ತಾರೆ. ಸತ್ತವರ ಧರ್ಮನಾಮ, ತಿಥಿ, ವಯಸ್ಸು ಬರೆದ ಗುಡಿಯ ಪುಸ್ತಕವೂ ಅದರೊಂದಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಆ ಹೆಸರುಗಳನ್ನು ತಿಥಿಯಂದು ಓದುವ ಕೆಲಸ ಹೊಸ ಗುಡಿಯ ಭಿಕ್ಷುವಿನದು.